ಉಗುರುಬಣ್ಣದ ಸೀಲು

ಕಂತು ಹನ್ನೊಂದು

ಖಾದರ್ ಸಾಹೇಬರ ಹೆಬ್ಬೆರಳಿನಲ್ಲಿ ರಕ್ತ ಬಂತು.

ಅವರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ವಾಲ್ವಿನ ತೂತಿನೊಳಗೆ ತಿರುವಿದ್ದ ಬೆರಳನ್ನು ಹೊರಗೆಳೆದು, ಬೆಳಕಿಗೆ ಹಿಡಿದು, ಪಂದ್ಯ ಗೆದ್ದವರಂತೆ ನನ್ನತ್ತ ನೋಡಿದರು.

"ನೋಡಿದ್ರಾ ಮೇಡಂ, ಕುಯ್ತು. ಒರಿಜಿನಲ್ ಆಗಿದ್ರೆ ಕುಯ್ಯಲ್ಲ. ಕಂಪನಿಯೋರು ಥ್ರೆಡ್ ಬಾಯಿನ ಉಜ್ಜಿ ನೈಸ್ ಮಾಡಿರ್ತಾರೆ. ಡೂಪ್ಲಿಕೇಟ್ ಮಾಡೋನಿಗೆ ಎಲ್ಲಿ ಅಷ್ಟು ಪುರಸೊತ್ತು?"

"ಅಂದ್ರೆ ಇದು ನಿಮ್ಮ ಅಂಗಡಿ ಮಾಲಲ್ಲ?"

"ನಲವತ್ತೊಂದು ವರ್ಷದಿಂದ ಈ ಕಟ್ಟೆ ಮೇಲೆ ಕೂತಿದೀನಿ. ಇಲ್ಲಿ ಧೂಳಿದೆ, ತುಕ್ಕಿದೆ, ಇಲಿ ಇದೆ. ಡೂಪ್ಲಿಕೇಟ್ ಇಲ್ಲ."

ಹನ್ನೆರಡು ದಿನಗಳ ಹಿಂದೆ ಕೆ.ಆರ್. ಪುರದ ಆಚೆ ಒಂದು ಸೈಟಿನಲ್ಲಿ ಎಕ್ಸ್‌ಕವೇಟರಿನ ಎತ್ತಿದ ತೋಳು ಇದ್ದಕ್ಕಿದ್ದ ಹಾಗೆ ಕುಸಿದು, ಕೆಳಗೆ ನಿಂತಿದ್ದ ಸೂಪರ್‌ವೈಸರ್ ನರೇಶ್ ಸತ್ತಿದ್ದ. ಹೋಸ್ ಪೈಪು ಒಡೆದರೂ ತೋಳು ಬೀಳದಂತೆ ಎಣ್ಣೆಯನ್ನು ಒಳಗೇ ಹಿಡಿದಿಡುವುದು ಈ ವಾಲ್ವಿಗಿರುವ ಒಂದೇ ಒಂದು ಕೆಲಸ. ಅದನ್ನೂ ಇದು ಮಾಡಿರಲಿಲ್ಲ. ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಎಕ್ಸ್‌ಕವೇಟರ್ ಕಂಟ್ರಾಕ್ಟರ್ ಬೈಲಪ್ಪನವರದು, ನರೇಶನೂ ಅವರ ಕಂಪನಿಯವನೇ. ಅವರ ಮಗ ಲಿಖಿತ್, ಕಂಪನಿಯ ಖರೀದಿಯೆಲ್ಲ ನೋಡಿಕೊಳ್ಳುವವನು, ಖಾದರ್ ಅಂಗಡಿಯ ಬಿಲ್ಲನ್ನು ಪೊಲೀಸರ ಮುಂದಿಟ್ಟಿದ್ದ. ಯೂಸ್ಡ್ ಒರಿಜಿನಲ್ ಹೋಲ್ಡಿಂಗ್ ವಾಲ್ವು, ಒಂದು. ತಾರೀಖು ಹೋದ ತಿಂಗಳದು. ಸಂಜೆ ಐದರೊಳಗೆ ನಾನು ಬೇರೆ ಸಾಕ್ಷ್ಯ ಏನಾದರೂ ತಂದುಕೊಡದಿದ್ದರೆ ಖಾದರ್ ಅವರನ್ನು ಬಂಧಿಸುತ್ತೇವೆಂದು ಇನ್‌ಸ್ಪೆಕ್ಟರ್ ಹೇಳಿದ್ದರು. ಲ್ಯಾಬಿನವರ ಕೆಲಸ ಮುಗಿದಿದ್ದ ವಾಲ್ವನ್ನು, ನನ್ನಿಂದ ಮೂರು ಕಡೆ ಸಹಿ ಹಾಕಿಸಿಕೊಂಡು, ಅಷ್ಟು ಹೊತ್ತಿನ ಮಟ್ಟಿಗೆ ಕೈಗೆ ಕೊಟ್ಟಿದ್ದರು.

ನಾನು ಹಂಸ. ಮೂವತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ಮುರಿದ ಯಂತ್ರಗಳನ್ನು ನೋಡಿ, ಇದು ತಾನಾಗಿ ಮುರಿಯಿತೋ ಯಾರಾದರೂ ಮುರಿದರೋ ಎಂದು ಬರೆಯುತ್ತಿದ್ದವಳು. ನಿವೃತ್ತಿಯಾದ ಮೇಲೂ ಗಂಟು ಬಿದ್ದ ಫೈಲುಗಳಿಗೆ ನನ್ನನ್ನು ಕರೆಯುತ್ತಾರೆ. ಕರೆಯದಿದ್ದರೆ ಜೀವನ್ ಬಿಮಾ ನಗರದ ನನ್ನ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟು ಬೇರೆ ದನಿ ಇರುವುದಿಲ್ಲ. ಹಾಗಾಗಿ ನಾನು ಯಾವ ಫೈಲನ್ನೂ ಬೇಡ ಅನ್ನುವುದಿಲ್ಲ.

ಖಾದರ್ ಸಾಹೇಬರು ಬೆರಳಿಗೆ ಚಿಂದಿ ಸುತ್ತಿಕೊಂಡರು. ಅವರ ಹಿಂದೆ ಸೂರಿನವರೆಗೂ ಕಬ್ಬಿಣ. ಪಂಪು, ಗೇರು, ಸಿಲಿಂಡರು, ಹೆಸರು ಗೊತ್ತಿಲ್ಲದ ನೂರೆಂಟು ತುಂಡುಗಳು. ಎಲ್ಲದರ ಮೇಲೂ ಹಳೆಯ ಗ್ರೀಸು ಹಾಗೇ ಇತ್ತು.

ಶಿವಾಜಿನಗರದ ಈ ಓಣಿಗೆ ಕಂಟ್ರಾಕ್ಟರುಗಳು ಸುಮ್ಮನೆ ಬರುವುದಿಲ್ಲ. ಹತ್ತು ಹದಿನೈದು ವರ್ಷದ ಯಂತ್ರದ ಭಾಗ ಕೆಟ್ಟರೆ ಕಂಪನಿಯವರು ಆ ಮಾಡೆಲ್ಲೇ ನಿಂತುಹೋಗಿದೆ ಅನ್ನುತ್ತಾರೆ, ಇಲ್ಲವೇ ಜಪಾನಿನಿಂದ ಬರಲು ಎರಡು ತಿಂಗಳು ಅನ್ನುತ್ತಾರೆ. ಅಲ್ಲಿಯವರೆಗೆ ಯಂತ್ರ ಮಣ್ಣಿನ ಗುಡ್ಡೆಯ ಮೇಲೆ ಕೂತಿರಲಾಗುತ್ತದೆಯೇ? ಆಗ ಇಲ್ಲಿಗೆ ಬರುತ್ತಾರೆ. ಬಂದವರಿಗೆ ಖಾದರ್ ಮೊದಲು ಕೇಳುವುದು ಒಂದೇ ಮಾತು, "ಹೊಸಾ ಡೂಪ್ಲಿಕೇಟ್ ಬೇಕೋ, ಹಳೇ ಒರಿಜಿನಲ್ ಬೇಕೋ?" ಮೊದಲನೆಯದು ಬೇಕು ಅಂದವರಿಗೆ ಎದುರಿನ ಅಂಗಡಿ ತೋರಿಸುತ್ತಾರೆ.

ಅವರು ಮಾಲನ್ನು ತೊಳೆಯುವುದಿಲ್ಲ, ಬಣ್ಣ ಬಳಿಯುವುದಿಲ್ಲ. ಕೊಳೆ ನೋಡಿದರೆ ಅದು ಎಲ್ಲಿತ್ತು, ಎಷ್ಟು ದುಡಿಯಿತು, ಎಲ್ಲಿ ಸೋರಿತು ಎಂದು ಗೊತ್ತಾಗುತ್ತದಂತೆ. ನನಗೆ ಆ ಮಾತು ಹಿಡಿಸಿತು. ನನ್ನ ಮೂವತ್ತೆರಡು ವರ್ಷದಲ್ಲಿ ನನಗೆ ಸುಳ್ಳು ಹೇಳಿದ ಯಂತ್ರಗಳಿಗೆಲ್ಲ ಹೊಸ ಪೇಂಟಿನ ವಾಸನೆ ಇತ್ತು.

"ಸಾಹೇಬ್ರೇ, ಇದರ ಮುಚ್ಚಳದ ಬೋಲ್ಟುಗಳ ಮೇಲೆ ಏನೋ ಗೆರೆ ಇದ್ದ ಹಾಗಿದೆ. ಒಂಚೂರು ಒರೆಸಿ ನೋಡಿ."

ಅವರು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದರು. ನಾಲ್ಕು ಬೋಲ್ಟು. ಪ್ರತಿಯೊಂದರ ತಲೆಯಿಂದ ವಾಲ್ವಿನ ಮೈಗೆ ಒಂದೊಂದು ತೆಳ್ಳಗಿನ ಗೆರೆ. ಗಾಢವಾದ ನೇರಳೆಗೆಂಪು, ಹೊಳೆಯುವ ಬಣ್ಣ. ನಾಲ್ಕೂ ಗೆರೆಗಳು ಒಡೆಯದೆ ನೆಟ್ಟಗಿದ್ದವು. ಪ್ರತಿ ಗೆರೆಯ ಕೊನೆಯಲ್ಲಿ ಒಂದು ಪುಟ್ಟ ಚುಕ್ಕೆ.

"ಉಗುರುಬಣ್ಣ ಅಲ್ವಾ ಇದು?" ಅಂದೆ.

ಸಾಹೇಬರು ವಾಲ್ವನ್ನು ನಿಧಾನವಾಗಿ ತೊಡೆಯ ಮೇಲಿಟ್ಟುಕೊಂಡರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮತ್ತೆ ನೋಡಿದರು. ಆಮೇಲೆ ಆ ಗಾಯದ ಹೆಬ್ಬೆರಳಿನಿಂದ ಒಂದು ಚುಕ್ಕೆಯನ್ನು ಮುಟ್ಟಿದರು.

"ಇದು ನನ್ನ ಮಾಲೇ ಮೇಡಂ," ಅಂದರು. "ನಾನೇ ಕೊಟ್ಟಿದ್ದು. ಬರ್ಕೊಳ್ಳಿ."

"ಏನಂದ್ರಿ?"

"ನನ್ನ ಸೀಲಿದೆ. ನನ್ನ ಮಾಲು. ಡೂಪ್ಲಿಕೇಟ್ ಅಂತ ಗೊತ್ತಿದ್ದೇ ಕೊಟ್ಟೆ ಅಂತ ಬರ್ಕೊಳ್ಳಿ. ಬಸ್."

ಎರಡು ನಿಮಿಷದ ಹಿಂದೆ ನಲವತ್ತೊಂದು ವರ್ಷದ ಲೆಕ್ಕ ಹೇಳಿದ ಮನುಷ್ಯ! ನನಗೆ ಸಿಟ್ಟೇ ಬಂತು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಸುಳ್ಳು ಹೇಳಿ ಸಿಕ್ಕಿಹಾಕಿಕೊಳ್ಳುವವರು ಅಪರೂಪ, ಅವರನ್ನು ಹಿಡಿಯುವುದೂ ಕಷ್ಟ.

"ಆ ಗೆರೆ ಯಾಕೆ ಹಾಕ್ತೀರಿ, ಹೇಳಿ."

"ಗ್ಯಾರಂಟಿಗೆ. ಮಾಲು ತಗೊಂಡೋನು ಮುಚ್ಚಳ ಬಿಚ್ಚಿ, ಒಳಗಿನ ಒಳ್ಳೇದು ತೆಗ್ದು, ಕೆಟ್ಟದ್ದು ತುರುಕಿ, ವಾಪಸ್ ತರ್ತಾನೆ. ಬೋಲ್ಟ್ ತಿರುಗಿಸಿದ್ರೆ ಗೆರೆ ಒಡೆಯುತ್ತೆ. ಒಡೆದಿದ್ರೆ ನಾನು ವಾಪಸ್ ತಗೊಳ್ಳಲ್ಲ."

"ಉಗುರುಬಣ್ಣಾನೇ ಯಾಕೆ?"

"ಪೇಂಟ್ ಎಲ್ಲರ ಹತ್ರ ಇರುತ್ತೆ."

"ಇದನ್ನ ಯಾವತ್ತು ಹಾಕಿದ್ರಿ?"

"ಬಿಲ್ಲಲ್ಲಿ ತಾರೀಖಿದೆಯಲ್ಲಾ. ಹೋದ ತಿಂಗಳು."

ನಾನು ಎದ್ದು ಅಟ್ಟಣೆಯ ಹತ್ತಿರ ಹೋದೆ. ಕೈಗೆ ಸಿಕ್ಕಿದ ಒಂದು ಪಂಪನ್ನು ತಿರುಗಿಸಿದೆ. ಬೋಲ್ಟಿನ ಮೇಲೆ ಬಿಳಿ ಗೆರೆ. ಪಕ್ಕದ ಮೋಟಾರು, ಅದರ ಮೇಲೂ ಬಿಳಿ. ಕೆಳಗೆ ಗೋಣಿಚೀಲದಲ್ಲಿದ್ದ ಮೂರು ವಾಲ್ವು, ಮೂರರ ಮೇಲೂ ಬಿಳಿ, ಸಾದಾ ಪೇಂಟು. ಚುಕ್ಕೆಯಿಲ್ಲ.

"ಹೋದ ತಿಂಗಳು ಲಿಖಿತ್‌ಗೆ ಕೊಟ್ಟ ವಾಲ್ವಿಗೆ ಮಾತ್ರ ಉಗುರುಬಣ್ಣ ಹಾಕಿದ್ರಾ? ಅವನೇನು ಮದುವೆ ಹೆಣ್ಣಾ?"

ಸಾಹೇಬರು ನಗಲಿಲ್ಲ. ನಾನು ಹಾಗೆ ತಮಾಷೆ ಮಾಡಬಾರದಿತ್ತು. ನನಗೇ ನಾಚಿಕೆಯಾಯಿತು. ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತೆ.

"ಸಾಹೇಬ್ರೇ, ಇದು ಯಾರ ಕೈ?"

ಹೊರಗೆ ಯಾರೋ ಆಕ್ಸಲ್ ಬಡಿಯುತ್ತಿದ್ದರು. ಆ ಬಡಿತ ನಿಲ್ಲುವವರೆಗೆ ಅವರು ಕಾದರು.

"ಶಂಶುನ್ನೀಸಾ," ಅಂದರು. "ನನ್ನ ಹೆಂಡ್ತಿ. ಹೋಗಿ ಎರಡು ವರ್ಷ ಆಯ್ತು."

ಆಮೇಲೆ ಒಂದೊಂದಾಗಿ ಹೊರಬಂತು. ಎರಡೂವರೆ ವರ್ಷದ ಹಿಂದೆ ಸಾಹೇಬರಿಗೆ ಬೈಪಾಸ್ ಆಗಿ ನಲವತ್ತು ದಿನ ಅಂಗಡಿಗೆ ಬರಲಾಗಲಿಲ್ಲ. ಮಗಳು ಬಾಣಸವಾಡಿಯಲ್ಲಿ ತನ್ನ ಸಂಸಾರದಲ್ಲಿದ್ದಳು. ಶಂಶುನ್ನೀಸಾ ಬುರ್ಖಾ ಹಾಕಿಕೊಂಡು ಬಂದು ಈ ಕಟ್ಟೆಯ ಮೇಲೆ ಕೂತರು. ಉಗುರುಬಣ್ಣದ ಉಪಾಯ ಮೊದಲಿಂದಲೂ ಅವರದೇ. ಪ್ರತಿ ರಂಜಾನಿಗೆ ಬಣ್ಣ ಬದಲಾಯಿಸುತ್ತಿದ್ದರು. ಯಾವ ವರ್ಷದ ಮಾಲು ಎಂದು ಬಣ್ಣ ನೋಡಿ ಗಂಡ ಹೆಂಡತಿ ಇಬ್ಬರೇ ಹೇಳಬಲ್ಲವರಾಗಿದ್ದರು. ಈ ನೇರಳೆಗೆಂಪು ಅವರು ಆರಿಸಿದ ಕೊನೆಯ ಬಣ್ಣ.

"ನಾನು ಗೆರೆ ಎಳೆದು ಬಿಡ್ತಿದ್ದೆ. ಚುಕ್ಕೆ ಇಡ್ತಿದ್ದಿದ್ದು ಅವಳು. ಯಾಕೆ ಅಂದ್ರೆ, ಇರ್ಲಿ ಚಂದ ಕಾಣುತ್ತೆ ಅಂತಿದ್ಲು. ಎಕ್ಸ್‌ಕವೇಟರ್ ವಾಲ್ವು ಯಾರಿಗೆ ಚಂದ ಕಾಣ್ಬೇಕು ಹೇಳಿ!" ಸಾಹೇಬರು ನಕ್ಕರು, ನಕ್ಕು ಮುಖ ಒರೆಸಿಕೊಂಡರು. "ಅವಳು ಹೋದ್ಮೇಲೆ ಆ ಬಾಟ್ಲಿ ಮುಟ್ಟಿಲ್ಲ. ಬಿಳೀ ಪೇಂಟ್ ಹಾಕ್ತೀನಿ."

"ಆ ನಲವತ್ತು ದಿನದಲ್ಲಿ ಈ ಡೂಪ್ಲಿಕೇಟ್ ಒಳಗೆ ಬಂತು?"

"ಒಂದು ಲಾಟ್ ತಗೊಂಡಿದ್ಲು. ಅದ್ರಲ್ಲಿ ಎರಡು ಹೀಗಿದ್ವು. ಅವಳಿಗೆ ಕಣ್ಣಲ್ಲಿ ಗೊತ್ತಾಗ್ತಿತ್ತು, ಬೆರಳಲ್ಲಿ ಗೊತ್ತಾಗ್ತಿರ್ಲಿಲ್ಲ. ಮಾರಿದ್ಮೇಲೆ ಅದೇ ಲಾಟಿಂದು ಇನ್ನೊಂದು ನನ್ನ ಹಾಸಿಗೆ ಹತ್ರ ತಂದು ತೋರಿಸಿದ್ಲು. ಬೆರಳು ಹಾಕಿದೆ, ಕುಯ್ತು. ಅವಳು ಅತ್ತಿದ್ದು ನೋಡ್ಬೇಕಿತ್ತು. ಯಾರಿಗೆ ಕೊಟ್ಟೆ ಅಂದ್ರೆ ಹೇಳ್ಲಿಲ್ಲ. ನಾನ್ ಮಾಡಿದ್ದು ನಾನೇ ಸರಿ ಮಾಡ್ತೀನಿ ಅಂದ್ಲು."

"ಇದನ್ನೇ ಇನ್‌ಸ್ಪೆಕ್ಟರಿಗೆ ಹೇಳಿದ್ರೆ ನಿಮ್ಮ ಮೇಲೆ ಕೇಸೇ ನಿಲ್ಲಲ್ಲ. ಇದು ಹೋದ ತಿಂಗಳ ಮಾಲೇ ಅಲ್ಲ."

"ಹೇಳಲ್ಲ."

"ಯಾಕೆ?"

ಸಾಹೇಬರ ದನಿ ಏರಿತು. "ಗುಜರೀಲಿ ಹೆಂಗಸು ಕೂರೋದಾ ಅಂತ ಈ ಓಣಿ ಎಲ್ಲಾ ನಕ್ಕಿತ್ತು. ನಲವತ್ತು ದಿನ ಕೂತ್ಲು, ಒಂದು ಮಾಲೂ ವಾಪಸ್ ಬರ್ಲಿಲ್ಲ. ಇವತ್ತಿಗೂ ಅವಳ ಹೆಸರು ಎತ್ತಿದ್ರೆ ಇಲ್ಲಿ ಬೀಡಿ ಆರಿಸ್ತಾರೆ. ಈಗ ನಾನು ಹೋಗಿ, ಆ ನರೇಶನ್ನ ಕೊಂದಿದ್ದು ಅವಳು ಕೊಟ್ಟ ಮಾಲು ಅಂತ ಹೇಳ್ಲಾ? ಜವಾಬು ಕೊಡೋಕೆ ಅವಳು ಎದ್ದು ಬರ್ತಾಳಾ ಮೇಡಂ?"

ನನಗೆ ಆಗಿದ್ದು ಹೊಟ್ಟೆಕಿಚ್ಚು, ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಮಣ್ಣಾಗಿ ಎರಡು ವರ್ಷ ಕಳೆದ ಹೆಂಗಸಿನ ಒಂದು ತಪ್ಪನ್ನು ಮುಚ್ಚಲು ಎದೆ ಕೊಯ್ಸಿಕೊಂಡ ಈ ಮುದುಕ ಜೈಲಿಗೆ ಹೊರಟಿದ್ದ. ನಾನು ನಾಳೆ ಸತ್ತರೆ ನನ್ನ ಹೆಸರನ್ನು ಕಾಯಲು ಯಾರಿದ್ದಾರೆ? ಹಾಲಿನವನಿಗೆ ಎರಡು ದಿನ ಬಿಟ್ಟು ಗೊತ್ತಾಗಬಹುದು.

"ನಾಲ್ಕು ಗಂಟೆಗೆ ಶಟರ್ ಎಳೆದು ಸ್ಟೇಷನ್‌ಗೆ ಹೋಗ್ತೀನಿ," ಅಂದರು. "ಅವರು ಬಂದು ಎಲ್ಲರ ಮುಂದೆ ಕರ್ಕೊಂಡು ಹೋಗೋದು ಬೇಡ."

"ಒಂದು ಮಾತು ಹೇಳಿ. ಹೋದ ತಿಂಗಳು ಲಿಖಿತ್‌ಗೆ ಕೊಟ್ಟ ವಾಲ್ವು?"

"ಪಕ್ಕಾ ಒರಿಜಿನಲ್. ನಾನೇ ಬೆರಳು ಹಾಕಿ ನೋಡಿದೀನಿ. ಬಿಳೀ ಸೀಲು."

"ಅದೆಲ್ಲಿ ಈಗ?"

ಅವರು ಭುಜ ಕುಣಿಸಿದರು. ಅವರಿಗೆ ಅದು ಬೇಡವಾಗಿತ್ತು. ನನಗೆ ಬೇಕಾಗಿತ್ತು. ಬಿಳಿ ಸೀಲಿನ ಒಳ್ಳೆಯ ವಾಲ್ವನ್ನು ಕೊಂಡವನ ಯಂತ್ರದಲ್ಲಿ ಎರಡೂವರೆ ವರ್ಷ ಹಳೆಯ ನೇರಳೆಗೆಂಪು ಸೀಲಿನ ಕೆಟ್ಟ ವಾಲ್ವು ಕೂತಿದ್ದು ಹೇಗೆ? ಯಾರೋ ಬೇಕೆಂದೇ ಬದಲಾಯಿಸಿದ್ದರು. ಖಾದರ್ ಸೀಲು ಅಂದರೆ ಖಾದರ್ ಸೀಲು, ಅಷ್ಟು ಸಾಕು ಅಂದುಕೊಂಡಿದ್ದರು. ಆ ಬಣ್ಣಕ್ಕೂ ಒಂದು ವರ್ಷವಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ನಾನು ಫೋನ್ ಮಾಡೋವರೆಗೂ ಯಾವುದಕ್ಕೂ ಸಹಿ ಹಾಕ್ಬೇಡಿ," ಅಂದೆ.

"ನೋಡೋಣ," ಅಂದರು, ಹಾಕುತ್ತೇನೆ ಅನ್ನುವ ದನಿಯಲ್ಲಿ.

*

ಹಲಸೂರಿನವರೆಗೆ ಆಟೋ, ಅಲ್ಲಿಂದ ಮೆಟ್ರೋ. ಸ್ಟೇಷನ್ನಿನಲ್ಲಿ ನನ್ನ ಚೀಲ ಸ್ಕ್ಯಾನರಿನೊಳಗೆ ಹೋಗಿ ಅಲ್ಲೇ ನಿಂತಿತು. ಸೆಕ್ಯುರಿಟಿ ಹುಡುಗಿ ಪರದೆಯನ್ನೂ ನನ್ನನ್ನೂ ಮೂರು ಸಲ ನೋಡಿದಳು.

"ಏನ್ ಆಂಟಿ ಇದು?"

"ವಾಲ್ವು."

"ಯಾವ್ದ್ರದ್ದು?"

"ಎಕ್ಸ್‌ಕವೇಟರಿಂದು."

"ನಿಮ್ಗ್ ಯಾಕೆ?"

ಒಳ್ಳೆಯ ಪ್ರಶ್ನೆಯೇ. ಪೊಲೀಸರ ಚೀಟಿ ತೋರಿಸಿ ದಾಟಿದೆ. ರೈಲಿನಲ್ಲಿ ಎದುರಿಗೆ ಕೂತ ಏಳು ಜನರೂ ಫೋನಿನಲ್ಲಿ ತಲೆ ಹುದುಗಿಸಿದ್ದರು. ಕಿಟಕಿಯಾಚೆ ಇಂದಿರಾನಗರದ ಛಾವಣಿಗಳು, ಒಣಹಾಕಿದ ಬಟ್ಟೆಗಳು, ನೀರಿನ ಟ್ಯಾಂಕುಗಳು ಹಿಂದೆ ಸರಿದವು. ತೊಡೆಯ ಮೇಲೆ ಏಳು ಕಿಲೋ ಕಬ್ಬಿಣ. ಯಾರದೋ ಹೆಂಡತಿ ಇಟ್ಟ ನಾಲ್ಕು ಚುಕ್ಕೆಗಳನ್ನು ಎತ್ತಿಕೊಂಡು ಹೋಗುತ್ತಿದ್ದೇನೆ ಅನ್ನಿಸಿ, ಚೀಲವನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡೆ.

ನನ್ನ ಲೆಕ್ಕ ಸರಳವಾಗಿತ್ತು. ವಾಲ್ವು ಸಿಕ್ಕಿದ್ದು ಬೈಲಪ್ಪನವರ ಯಂತ್ರದಲ್ಲಿ. ಹಾಗಾದರೆ ಆ ನಲವತ್ತು ದಿನದಲ್ಲಿ ಶಂಶುನ್ನೀಸಾರಿಂದ ಅದನ್ನು ಕೊಂಡವರೂ ಬೈಲಪ್ಪನವರೇ ಇರಬೇಕು. ಆಗಿನಿಂದ ಅದು ಅವರ ಯಾರ್ಡಿನಲ್ಲೇ ಬಿದ್ದಿತ್ತು ಎಂದು ತೋರಿಸಿದರೆ ಸಾಕು. ಬಿಲ್ಲು ಒಂದರದು, ಕೊಂದದ್ದು ಇನ್ನೊಂದು. ಇಷ್ಟೇ ಅಂದುಕೊಂಡಿದ್ದೆ.

ಕೆ.ಆರ್. ಪುರದಲ್ಲಿ ಇಳಿದು ಯಾರ್ಡು ತಲುಪಿದಾಗ ನಾಲ್ಕಾಗಲು ಹತ್ತು ನಿಮಿಷ ಇತ್ತು. ಹಿಂದೆ ಆ ಜಾಗ ಬೈಲಪ್ಪನವರ ತಂದೆಯ ರಾಗಿ ಹೊಲವಾಗಿತ್ತಂತೆ. ಈಗ ಸುತ್ತ ತಗಡಿನ ಬೇಲಿ, ಒಳಗೆ ಆರು ಹಳದಿ ಯಂತ್ರಗಳು, ಡೀಸೆಲ್ ವಾಸನೆ. ಆಫೀಸಿಗೆ ಬೀಗ. ಬೈಲಪ್ಪ ಕೋರ್ಟಿಗೆ ಹೋಗಿದ್ದರು, ಲಿಖಿತ್ ಸೈಟಿನಲ್ಲಿದ್ದ. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ, ಸಿಮೆಂಟಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಕಾಲು ಚಾಚಿ ಕೂತಿದ್ದರು.

"ನಾನು ಪಟಾಲಮ್ಮ. ಬೈಲಪ್ಪನ ತಾಯಿ," ಅಂದರು ನಾನು ಕೇಳುವ ಮೊದಲೇ. "ಬಾ, ಕೂತ್ಕೋ. ಯಾರೂ ಕೂತ್ಕೊಳಲ್ಲ ಇಲ್ಲಿ. ಬತ್ತಾರೆ, ಹಾರ್ನ್ ಹೊಡೀತಾರೆ, ಹೋಯ್ತಾರೆ. ಮನೇಲಿ ಇದ್ರೆ ಟಿ.ವಿ. ಜೊತೆ ಮಾತಾಡ್ಬೇಕು, ಅದ್ಕೇ ಬಂದು ಇಲ್ಲಿ ಕೂತಿರ್ತೀನಿ."

ಆ ಮಾತು ನನಗೇ ಹೇಳಿದಂತಿತ್ತು. ಕೂತೆ. ಹೊತ್ತು ಮೀರುತ್ತಿತ್ತು, ಹಾಗಾಗಿ ವಾಲ್ವನ್ನು ಚೀಲದಿಂದ ತೆಗೆದು ಇಬ್ಬರ ನಡುವೆ ಇಟ್ಟೆ. ಅದನ್ನು ಅಜ್ಜಿ ಗುರುತಿಸುತ್ತಾರೆ ಎಂಬ ಆಸೆಯೇನೂ ಇರಲಿಲ್ಲ. ಅವರು ಬಗ್ಗಿ ನೋಡಿದರು. ಕಬ್ಬಿಣವನ್ನಲ್ಲ, ಬಣ್ಣವನ್ನು.

"ಅಯ್ಯೋ, ಇದು ಆ ಸಾಬರ ಹೆಂಗಸಿಂದು!"

ನಾನು ವಾಲ್ವನ್ನು ಅವರತ್ತ ತಿರುಗಿಸಿದೆ. "ಯಾವ ಹೆಂಗಸು ಅಜ್ಜಿ?"

"ಶಿವಾಜಿನಗರದಿಂದ ಬತ್ತಿದ್ಲು. ಎಲ್ಡ್ ವರ್ಸ ಆಯ್ತೇನೋ. ಮೂರ್ ಸಲ ಬಂದ್ಲು ಪಾಪ, ಬಸ್ಸಲ್ಲಿ. ನಾನ್ ಕೊಟ್ಟಿರೋದು ಸರೀಗಿಲ್ಲ, ವಾಪಸ್ ಕೊಡಿ, ಬದ್ಲಿ ಒಳ್ಳೇದು ಕೊಡ್ತೀನಿ ಅಂತ. ಮೊದ್ಲ್ ಸಲ ಮಿಷನ್ನು ಹೊಸಕೋಟೆಗ್ ಹೋಗಿತ್ತು. ಎಲ್ಡ್ನೇ ಸಲ ಬಿಚ್ಚೋರಿಲ್ಲ ಅಂದ್ರು. ಅವ್ಳು ನನ್ ಹತ್ರ ಇಲ್ಲೇ ಕೂತಿರೋಳು. ಎಂಥಾ ಚೆಂದಾಗಿ ಮಾತಾಡೋಳು ಅಂತೀಯ! ನನ್ ಮೊಣಕಾಲಿಗೆ ಎಣ್ಣೆ ತಂದ್ಕೊಟ್ಲು."

"ಮೂರನೇ ಸಲ?"

"ಮೂರ್ನೇ ಸಲ ಹೊಸದನ್ನ ಚೀಲ್ದಲ್ಲಿ ಹೊತ್ಕೊಂಡೇ ಬಂದಿದ್ಲು. ಇಲ್ಲೇ, ಈ ಬೆಂಚ್ ಮೇಲೇ, ಪುಟ್ಟ ಸೀಸೆ ತೆಗ್ದು ಅದ್ಕೆ ಬಣ್ಣ ಹಾಕಿದ್ಲು. ಇದೇನವ್ವಾ ಕಬ್ಬಿಣುಕ್ಕೆ ಸಿಂಗಾರ ಅಂದೆ. ನಗ್ತಾ ನನ್ ಕಿರುಬೆರಳಿಗೂ ಹಚ್ಬಿಟ್ಲು. ಈ ವಯಸ್ಸಲ್ಲಿ! ಹದಿನೈದ್ ದಿನ ಇತ್ತು ಅದು. ಮತ್ತೆ ಬತ್ತೀನಿ ಅಜ್ಜಿ, ಇನ್ನೊಂದ್ ಬೆರಳಿಗೂ ಹಚ್ತೀನಿ ಅಂದಿದ್ಲು. ಬರ್ಲೇ ಇಲ್ಲ ನೋಡು. ಕೆಲ್ಸ ಆಯ್ತಲ್ಲ, ನಾನ್ಯಾಕೆ ಬೇಕು!"

ಅವರು ಸತ್ತಿದ್ದಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಅಜ್ಜಿ, ಸರಿಯಾಗಿ ನೆನಪು ಮಾಡ್ಕೊಳ್ಳಿ. ಹೊಸದು ಕೊಟ್ರು. ಹಳೇದು? ಇದು? ಇದು ಇಲ್ಲೇ ಉಳೀತಾ?"

"ಇಲ್ಲೆಲ್ಲಿ ಉಳೀತು? ಇದ್ಕೇ ತಾನೇ ಮೂರ್ ಸಲ ಅಲೆದಿದ್ದು. ನರೇಶ ಬಿಚ್ಚಿ ತಂದ್ಕೊಟ್ಟ. ಬೆರಳ್ ಹಾಕಿ ನೋಡಿ ಇದೇ ಅಂದ್ಲು. ಚೀಲ್ದಲ್ಲಿ ಹಾಕ್ಕೊಂಡು, ಮಗು ಎತ್ಕೊಂಡಂಗೆ ಎದೆಗ್ ಅವುಚ್ಕೊಂಡು ಹೋದ್ಲು. ನಾನೇ ಕಣ್ಣಾರೆ ನೋಡಿದೀನಿ."

ನನ್ನ ಸರಳ ಲೆಕ್ಕ ಅಲ್ಲಿಗೆ ಮುರಿದುಬಿತ್ತು. ಬೆರಳು ಕುಯ್ಯುವ ಈ ವಾಲ್ವು ಬದಲಿಗೆ ಬಂದ ಒಳ್ಳೆಯದಲ್ಲ, ವಾಪಸ್ ಹೋದ ಕೆಟ್ಟದ್ದು; ಎರಡು ವರ್ಷದ ಹಿಂದೆಯೇ ಯಾರ್ಡು ಬಿಟ್ಟು ಹೋಗಿತ್ತು. ಶಂಶುನ್ನೀಸಾ ತಾವು ಮಾಡಿದ್ದನ್ನು ತಾವೇ ಸರಿ ಮಾಡಿದ್ದರು. ಅವರ ಹೆಸರಿಗೆ ಯಾವ ಮಸಿಯೂ ಇರಲಿಲ್ಲ, ಮುಚ್ಚಿಡಬೇಕಾದ್ದೇ ಏನೂ ಇರಲಿಲ್ಲ. ಮೊದಲು ಇದನ್ನು ಖಾದರ್ ಅವರಿಗೆ ತಿಳಿಸಬೇಕು. ಆಮೇಲೆ ಮಿಕ್ಕಿದ್ದು.

ನಾಲ್ಕೂ ಕಾಲು. ಫೋನ್ ಮಾಡಿದೆ. ನನ್ನ ಫೋನಿನಲ್ಲಿ ಸ್ಪೀಕರ್ ಹಾಕಿದರಷ್ಟೇ ದನಿ ಕೇಳುತ್ತದೆ. ಹೊಸದು ಕೊಳ್ಳಲು ನನಗೆ ಬರುವ ಕರೆಗಳೇ ಕಡಿಮೆ.

"ಹಲೋ ಮೇಡಂ. ಸ್ಟೇಷನ್ನಲ್ಲಿದೀನಿ. ಇನ್‌ಸ್ಪೆಕ್ಟರ್ ಹೊರಗೆ ಹೋಗಿದಾರೆ, ಬೆಂಚ್ ಮೇಲೆ ಕೂರಿಸಿದಾರೆ. ಪೇಪರ್ ರೆಡಿ ಇದೆ."

"ಸಹಿ ಹಾಕ್ಬೇಡಿ. ಸಾಹೇಬ್ರೇ, ಕೇಳಿ. ಅವರು ಅದನ್ನ ವಾಪಸ್ ತಗೊಂಡಿದ್ರು. ಕೆ.ಆರ್. ಪುರಕ್ಕೆ ಮೂರು ಸಲ ಬಂದು, ಒಳ್ಳೇದು ಕೊಟ್ಟು, ಕೆಟ್ಟದ್ದನ್ನ ವಾಪಸ್ ತಗೊಂಡು ಹೋಗಿದ್ರು. ನೋಡಿದವರು ಇಲ್ಲಿ ನನ್ನ ಪಕ್ಕದಲ್ಲೇ ಕೂತಿದಾರೆ."

ಆ ಕಡೆ ಬೆಂಚು ಕಿರುಗುಟ್ಟಿತು; ಅವರು ಎದ್ದು ನಿಂತಿರಬೇಕು.

"ಅದಕ್ಕಾ," ಅಂದರು. "ಅದಕ್ಕಾ ಅವಳು ಅಲ್ಲಿಗೆ ಹೋಗಿದ್ದು!"

"ಎಲ್ಲಿಗೆ?"

"ನನಗೆ ತಂಗಿ ಮನೆಗೆ ಹೋಗ್ತೀನಿ ಅಂದಿದ್ಲು, ಕಮ್ಮನಹಳ್ಳಿಗೆ. ಕೆ.ಆರ್. ಪುರದ ಈಚೆ ಟಿನ್ ಫ್ಯಾಕ್ಟರಿ ಹತ್ರ ಆಟೋ ಮಗುಚಿ ಬಿತ್ತು. ಅಲ್ಲೇ ಹೋದ್ಲು. ಆಟೋದವನೂ ಉಳೀಲಿಲ್ಲ. ಆ ಕಡೆ ಅವಳಿಗೇನು ಕೆಲಸ ಅಂತ ಎರಡು ವರ್ಷದಿಂದ ನನ್ನನ್ನೇ ಕೇಳ್ಕೊಂಡೆ. ಯಾರನ್ ಕೇಳ್ಲಿ?"

"ಅವರ ಚೀಲ? ಚೀಲದಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ ಮೇಡಂ. ಖಾಲಿ ಬಟ್ಟೆ ಚೀಲ. ಆ ಬಣ್ಣದ ಬಾಟ್ಲಿ ಒಂದಿತ್ತು, ಅಷ್ಟೇ."

ಏಳು ಕಿಲೋ ಕಬ್ಬಿಣ ಎದೆಗವುಚಿಕೊಂಡು ಹೊರಟ ಹೆಂಗಸಿನ ಚೀಲ ಖಾಲಿಯಿತ್ತು. ಆ ಕಬ್ಬಿಣ ಈಗ ನನ್ನ ಪಕ್ಕದಲ್ಲಿತ್ತು. ಆಟೋ ಮಗುಚುವುದಕ್ಕೆ ಮೊದಲೋ ಆಮೇಲೋ, ಯಾರೋ ಅವರ ಚೀಲಕ್ಕೆ ಕೈ ಹಾಕಿದ್ದರು. ಎರಡು ವರ್ಷ ಕಾಯ್ದಿಟ್ಟು, ನರೇಶನ ತಲೆಯ ಮೇಲಿನ ಯಂತ್ರಕ್ಕೆ ಅದನ್ನೇ ಕೂರಿಸಿದ್ದರು.

ಖಾದರ್ ಇನ್ನೂ ಮಾತಾಡುತ್ತಿದ್ದರು. ನನ್ನೊಂದಿಗಲ್ಲ, ತಮ್ಮೊಂದಿಗೇ.

"ಒಬ್ಳೇ ಇದ್ಲು. ಅದೇ ನಂಗೆ ನುಂಗೋಕಾಗಲ್ಲ. ರಸ್ತೇಲಿ, ಒಬ್ಳೇ. ಒಂದು ಗುಟುಕು ನೀರು ಕೊಡೋಕೂ ನಮ್ಮೋರು ಅಂತ ಒಬ್ರಿರ್ಲಿಲ್ಲ."

ಪಟಾಲಮ್ಮ ಫೋನಿನತ್ತ ಬಗ್ಗಿದರು. ಯಾರು ಸತ್ತರು, ಯಾವಾಗ ಸತ್ತರು ಎಂಬುದೆಲ್ಲ ಅವರಿಗೆ ಅರ್ಥವಾಗಿತ್ತೋ ಇಲ್ಲವೋ, ಕೊನೆಯ ಮಾತು ಮಾತ್ರ ಅವರಿಗೆ ಒಪ್ಪಿಗೆಯಾಗಲಿಲ್ಲ.

"ಯಾರಪ್ಪಾ ಒಬ್ಳೇ ಅಂದೋರು? ಅಷ್ಟ್ ಭಾರ ಹೊತ್ಕೊಂಡಿರೋ ಹೆಂಗಸ್ನ ನಾವ್ ಒಬ್ಳೇ ಕಳಿಸ್ತೀವಾ? ನರೇಶ ಆಟೋ ಕರ್ಕೊಂಡ್ ಬಂದ. ನನ್ ಮೊಮ್ಮಗ ಲಿಖಿತ, ಮನೆಗಂಟ ಬಿಟ್ ಬತ್ತೀನಿ ಅಂತ ಪಕ್ಕದಲ್ಲೇ ಕೂತ್ಕೊಂಡ್ ಹೋದ."

ನಾನು ಫೋನಿನ ಮೇಲೆ ಕೈಯಿಟ್ಟೆ. ತಡವಾಗಿತ್ತು, ಖಾದರ್ ಕೇಳಿಸಿಕೊಂಡಿದ್ದರು. ಆ ದಿನದ ಆಟೋವನ್ನು ಬಲ್ಲವರು ಮೂವರೇ. ನರೇಶ ಸತ್ತಿದ್ದ. ಅಜ್ಜಿ ನನ್ನ ಪಕ್ಕದಲ್ಲಿದ್ದರು. ಮೂರನೆಯವನು ಖಾದರ್ ಅಂಗಡಿಯ ಬಿಲ್ಲನ್ನು ಪೊಲೀಸರ ಮುಂದಿಟ್ಟವನು.

ಗೇಟಿನಲ್ಲಿ ಹಾರ್ನ್ ಕೇಳಿಸಿತು. ಬಿಳಿ ಕಾರೊಂದು ಒಳಬಂದು ಆಫೀಸಿನ ಮುಂದೆ ನಿಂತಿತು. ತಂಪು ಕನ್ನಡಕ ತೆಗೆಯುತ್ತ ಇಳಿದ ಲಿಖಿತ್ ನನ್ನನ್ನು ನೋಡಿ ಕೈಯೆತ್ತಿದ, ಆಮೇಲೆ ಬೆಂಚಿನ ಮೇಲಿದ್ದ ವಾಲ್ವನ್ನು ನೋಡಿದ. ಎತ್ತಿದ ಕೈ ಹಾಗೇ ನಿಂತಿತು.

"ಅಗೋ, ಅವನೇ ಬಂದ," ಅಂದರು ಪಟಾಲಮ್ಮ ಖುಷಿಯಿಂದ. "ಬೇಕಾದ್ರೆ ಅವನ್ನೇ ಕೇಳು."

ಲಿಖಿತ್ ನಮ್ಮತ್ತ ನಡೆದು ಬರತೊಡಗಿದ. ನನ್ನ ಅಂಗೈಯ ಕೆಳಗಿನಿಂದ, ಫೋನಿನೊಳಗಿನಿಂದ, ಖಾದರ್ ಸಾಹೇಬರ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ಮೇಡಂ, ಅವನನ್ನ ಒಂದೇ ಒಂದು ಕೇಳಿ. ಕೊನೇಲಿ ಅವಳು ಏನಂದ್ಲು?"